ಪ್ರಾಕ್ಟಿಕಲ್, ಸೆಮಿನಾರ್, ಇಂಟರ್ನಲ್ಸ್ ಒಂದೇ ವಾರ ಬಂದಾಗ: ಮನೋವಿಜ್ಞಾನ ಓದುವವರಿಗೊಂದು ಮಾರ್ಗದರ್ಶಿ

ಪ್ರತಿ ಸೆಮಿಸ್ಟರಿನಲ್ಲೂ ಇಂಥದೊಂದು ವಾರ ಬಂದೇ ಬರುತ್ತದೆ. ಮಂಗಳವಾರ ಪ್ರಾಕ್ಟಿಕಲ್, ಬುಧವಾರ ಸೆಮಿನಾರ್, ಗುರುವಾರ ಆಂತರಿಕ ಪರೀಕ್ಷೆ, ಶುಕ್ರವಾರ ಕ್ಷೇತ್ರ ಭೇಟಿ, ಶನಿವಾರ ರೆಕಾರ್ಡ್ (ಪ್ರಯೋಗಗಳ ವರದಿ ಪುಸ್ತಕ) ಒಪ್ಪಿಸಲು ಕೊನೆಯ ದಿನ. ಸಾಲದು ಎಂಬಂತೆ ಸಂಜೆ ಕಾಲೇಜು ವಾರ್ಷಿಕೋತ್ಸವದ ನೃತ್ಯಾಭ್ಯಾಸ. ಇತಿಹಾಸ, ಅರ್ಥಶಾಸ್ತ್ರ ಓದುವ ಗೆಳೆಯರಿಗೂ ಕೆಲಸದ ಒತ್ತಡ ಇದ್ದದ್ದೇ. ಆದರೆ ಮನೋವಿಜ್ಞಾನ ತೆಗೆದುಕೊಂಡವರ ಕಷ್ಟ ಸ್ವಲ್ಪ ಬೇರೆ. ನಮ್ಮ ಕೆಲಸದಲ್ಲಿ ಅರ್ಧದಷ್ಟು ಇನ್ನೊಬ್ಬ ಮನುಷ್ಯನ ಸಮಯದ ಮೇಲೆ ನಿಂತಿದೆ. ರಾತ್ರಿಯಿಡೀ ಕುಳಿತು ಪ್ರಬಂಧ ಬರೆದು ಮುಗಿಸಬಹುದು. ರಾತ್ರಿ ಹನ್ನೊಂದು ಗಂಟೆಗೆ ಕನ್ನಡಿ ಮುಂದೆ ಕುಳಿತು ನಕ್ಷತ್ರ ಬಿಡಿಸಲು ಸಬ್ಜೆಕ್ಟ್, ಅಂದರೆ ನಮ್ಮ ಪ್ರಯೋಗಕ್ಕೆ ಕೂರುವ ವ್ಯಕ್ತಿ, ಸಿಗುವುದಿಲ್ಲ.

ಈ ಕಾರಣಕ್ಕೆ ಈ ಬರಹದ ಉದ್ದಕ್ಕೂ ಒಂದೇ ಕ್ರಮವನ್ನು ಹಿಡಿದಿದ್ದೇನೆ: ಇನ್ನೊಬ್ಬರನ್ನು ಅವಲಂಬಿಸಿದ ಕೆಲಸ ಮೊದಲು, ನಮ್ಮೊಬ್ಬರದೇ ಕೆಲಸ ಆಮೇಲೆ. ಬಹಳಷ್ಟು ವಿದ್ಯಾರ್ಥಿಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಪುಸ್ತಕ ಹೇಗೂ ಕೈಯಲ್ಲಿದೆ ಎಂದು ಓದಲು ಕುಳಿತುಬಿಡುತ್ತಾರೆ, ಸಬ್ಜೆಕ್ಟನ್ನು ಹುಡುಕುವ ಕೆಲಸ ಶುಕ್ರವಾರಕ್ಕೆ ಬೀಳುತ್ತದೆ.

ಭಾನುವಾರ ಸಂಜೆ: ಒಂದು ಹಾಳೆ, ನಡುವೆ ಒಂದು ಗೆರೆ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಇನ್ನೊಬ್ಬರಿಲ್ಲದೆ ಆಗದ ಕೆಲಸಗಳನ್ನು ಬರೆಯಿರಿ: ಸಬ್ಜೆಕ್ಟ್ ಒಪ್ಪಿಸುವುದು, ಲ್ಯಾಬಿನಿಂದ ಉಪಕರಣ ಪಡೆಯುವುದು, ಸಹಪಾಠಿಗಳಿಂದ ಗುಂಪು ದತ್ತಾಂಶ ಸಂಗ್ರಹಿಸುವುದು, ಅಧ್ಯಾಪಕರ ಸಹಿ, ಸೆಮಿನಾರಿನ ಜೊತೆಗಾರರ ಪಾಲಿನ ಟಿಪ್ಪಣಿ, ಕ್ಷೇತ್ರ ಭೇಟಿಗೆ ಮನೆಯವರ ಒಪ್ಪಿಗೆ ಪತ್ರ. ಬಲಗಡೆ ನಿಮ್ಮೊಬ್ಬರಿಂದಲೇ ಆಗುವಂಥವು: ಓದು, ಗ್ರಾಫ್, ಚರ್ಚೆಯ ಭಾಗ ಬರೆಯುವುದು, ರೆಕಾರ್ಡಿನ ಅಂದಚಂದ. ಎಡಗಡೆಯ ಎಲ್ಲವನ್ನೂ ಸೋಮವಾರ, ಮಂಗಳವಾರಗಳಿಗೆ ಹಾಕಿ. ಲ್ಯಾಬಿನ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ, ಅಟೆಂಡರ್ ಊಟಕ್ಕೆ ಯಾವಾಗ ಹೋಗುತ್ತಾರೆ ಎಂಬುದನ್ನೂ ಅಲ್ಲೇ ಗುರುತು ಹಾಕಿಕೊಳ್ಳಿ. ಇಡೀ ತರಗತಿಗೆ ಕನ್ನಡಿ ಚಿತ್ರಣದ (ಕನ್ನಡಿಯಲ್ಲಿ ನೋಡುತ್ತ ಗೆರೆ ಎಳೆಯುವ ಪ್ರಯೋಗದ) ಉಪಕರಣ ಎರಡೋ ಮೂರೋ ಇದ್ದರೆ ಹೆಚ್ಚು. ಮೊದಲು ಹೆಸರು ಬರೆಸಿದವರಿಗೆ ಮೊದಲು ಸಿಗುತ್ತದೆ.

ಇನ್ನು ಸಮಯದ ಅಂದಾಜು. ಕೆನಡಾದಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಸಂಶೋಧಕರು ಪದವಿಯ ಕೊನೆಯ ಹಂತದಲ್ಲಿದ್ದ ವಿದ್ಯಾರ್ಥಿಗಳನ್ನು, ‘ನಿಮ್ಮ ಪ್ರೌಢಪ್ರಬಂಧ ಎಷ್ಟು ದಿನಗಳಲ್ಲಿ ಮುಗಿಯುತ್ತದೆ?’ ಎಂದು ಕೇಳಿದ್ದರು. ಆ ವಿದ್ಯಾರ್ಥಿಗಳೂ ಮನೋವಿಜ್ಞಾನದವರೇ. ಸರಾಸರಿ ಸುಮಾರು 34 ದಿನ ಎಂದು ಉತ್ತರ ಬಂತು. ನಿಜದಲ್ಲಿ ಹಿಡಿದದ್ದು 55ಕ್ಕೂ ಹೆಚ್ಚು ದಿನ. 1994ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು, ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವ ಯೋಜನಾ ಭ್ರಮೆಗೆ ಉದಾಹರಣೆಯಾಗಿ ಎಲ್ಲ ಕಡೆ ಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಬರೆಯುವುದಕ್ಕಷ್ಟೇ ಇದನ್ನು ಕಲಿತು ಬಿಡಬೇಡಿ, ನಿಮ್ಮ ಹಾಳೆಗೂ ಅನ್ವಯಿಸಿ ನೋಡಿ. ‘ಈ ರೆಕಾರ್ಡ್ ಬರೆಯಲು ಎಷ್ಟು ಹೊತ್ತು ಬೇಕಾದೀತು?’ ಎಂದು ಕೇಳಿಕೊಂಡರೆ ಮನಸ್ಸು ಎಲ್ಲವೂ ಸುಸೂತ್ರವಾಗಿ ನಡೆಯುವ ಚಿತ್ರವನ್ನೇ ಕೊಡುತ್ತದೆ. ‘ಹಿಂದಿನ ರೆಕಾರ್ಡಿಗೆ ಎಷ್ಟು ಹೊತ್ತು ಹಿಡಿಯಿತು?’ ಎಂದು ಕೇಳಿಕೊಳ್ಳಿ. ಬರುವ ಉತ್ತರವನ್ನು ಹಾಗೆಯೇ ಬರೆದುಕೊಳ್ಳಿ. ಈ ಬಾರಿ ಬೇಗ ಮಾಡುತ್ತೇನೆ ಎಂದು ಕಡಿತ ಮಾಡಬೇಡಿ.

ಪ್ರತಿ ಕೆಲಸದ ಮುಂದೆ ದಿನ ಮಾತ್ರವಲ್ಲ, ಜಾಗವನ್ನೂ ಗಂಟೆಯನ್ನೂ ಬರೆಯಿರಿ. ‘ಮಂಗಳವಾರ ಕೋಷ್ಟಕ ಬರೆಯಬೇಕು’ ಎಂಬುದು ಬರೀ ಆಸೆ. ‘ಮಂಗಳವಾರ ಊಟವಾದ ಕೂಡಲೇ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಕೋಷ್ಟಕ’ ಎಂದರೆ ಅದು ನಿರ್ಧಾರ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆಯ ತಿರುಳೇ ಇದು: ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವರು ಕೆಲಸ ಮುಗಿಸುವ ಸಾಧ್ಯತೆ ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚು.

ಸೋಮವಾರ: ಸಬ್ಜೆಕ್ಟ್ ಸಿಗುವುದು ಹೀಗೆ

ಸಹಪಾಠಿಯನ್ನೇ ಸಬ್ಜೆಕ್ಟ್ ಮಾಡಿಕೊಳ್ಳುವುದು ಸುಲಭ, ಬಹಳ ಕಾಲೇಜುಗಳಲ್ಲಿ ಜೋಡಿ ಮಾಡಿ ಪ್ರಾಕ್ಟಿಕಲ್ ನಡೆಸುವುದೂ ಹೀಗೆಯೇ. ಆದರೆ ಆಯ್ಕೆ ನಿಮ್ಮದಾಗಿದ್ದರೆ ಬೇರೆ ವಿಭಾಗದವರನ್ನು ಹಿಡಿಯಿರಿ. ಒಂದೇ ಉದ್ದದ ಎರಡು ಗೆರೆಗಳು ತುದಿಯ ಬಾಣದ ಗುರುತುಗಳಿಂದಾಗಿ ಬೇರೆ ಬೇರೆ ಉದ್ದ ಕಾಣುವ ಮ್ಯುಲ್ಲರ್-ಲೈಯರ್ ಭ್ರಮೆಯ ಬಗ್ಗೆ ಓದಿರುವ ಗೆಳತಿಗೆ ಯಾವ ಗೆರೆ ಉದ್ದವಾಗಿ ಕಾಣಬೇಕು ಎಂಬುದು ಗೊತ್ತಿರುತ್ತದೆ. ಭ್ರಮೆಯೇನೋ ಗೊತ್ತಿದ್ದವರಿಗೂ ಆಗುತ್ತದೆ, ಆದರೆ ಅವಳು ಕಂಡದ್ದನ್ನು ಬಿಟ್ಟು ತಿಳಿದದ್ದನ್ನು ಹೇಳಲು ಶುರು ಮಾಡುತ್ತಾಳೆ. ಹಾಸ್ಟೆಲಿನಲ್ಲಿ ಬಿ.ಕಾಂ. ಓದುವ ತಂಗಿಯೊಬ್ಬಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಬ್ಜೆಕ್ಟ್ ಬೇಕಿಲ್ಲ.

ಕೇಳುವಾಗ ಮೂರು ವಿಷಯ ಸ್ಪಷ್ಟವಾಗಿ ಹೇಳಬೇಕು. ಎಷ್ಟು ಹೊತ್ತು ಹಿಡಿಯುತ್ತದೆ, ಏನು ಮಾಡಬೇಕಾಗುತ್ತದೆ, ಬೇಡವೆನಿಸಿದರೆ ನಡುವೆ ಎದ್ದು ಹೋಗಬಹುದು. ‘ಐದೇ ನಿಮಿಷ ಬಾ’ ಎಂದು ಕರೆದು ಮುಕ್ಕಾಲು ಗಂಟೆ ಕೂರಿಸುವುದು ಆಕೆಗೆ ಮಾಡುವ ಅನ್ಯಾಯ. ದಣಿದು ಬೇಸತ್ತವರಿಂದ ಬರುವ ದತ್ತಾಂಶವೂ ಕೆಡುತ್ತದೆ. ಒಬ್ಬರ ಬದಲು ಇಬ್ಬರನ್ನು ಒಪ್ಪಿಸಿಟ್ಟುಕೊಳ್ಳಿ. ಜ್ವರ, ಊರಿನಿಂದ ಬಂದ ಅಪ್ಪ, ದಿಢೀರನೆ ಇಟ್ಟ ತರಗತಿ, ಹೀಗೆ ಯಾವುದಾದರೂ ಒಂದು ಬಂದು ಮಂಗಳವಾರದ ಸಬ್ಜೆಕ್ಟ್ ತಪ್ಪಿಹೋಗುವುದು ಮಾಮೂಲು.

ಸೋಮವಾರವೇ ಮಾಡಿಡಬೇಕಾದ ಇನ್ನೊಂದು ಕೆಲಸ ಸೂಚನೆಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು. ಕೈಪಿಡಿಯಲ್ಲಿ ಅವು ಇಂಗ್ಲಿಷಿನಲ್ಲಿರುತ್ತವೆ. ಪ್ರಯೋಗದ ಹೊತ್ತಿನಲ್ಲಿ ಬಾಯಿಗೆ ಬಂದಂತೆ ಅನುವಾದಿಸಿದರೆ ಒಬ್ಬರಿಗೆ ‘ಬೇಗ ಮಾಡು’ ಎಂದಿರುತ್ತೀರಿ, ಇನ್ನೊಬ್ಬರಿಗೆ ‘ನಿಧಾನವಾಗಿ, ತಪ್ಪಿಲ್ಲದೆ ಮಾಡು’ ಎಂದಿರುತ್ತೀರಿ. ಆಮೇಲೆ ಇಬ್ಬರ ಸಮಯವನ್ನು ಹೋಲಿಸಿದರೆ ಅದಕ್ಕೆ ಅರ್ಥವಿಲ್ಲ. ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಅದನ್ನೇ ಓದಿ ಹೇಳಿ. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿಸುವ ಸ್ಟ್ರೂಪ್ ಪ್ರಯೋಗಕ್ಕಂತೂ ಹಾಳೆಯನ್ನೇ ಕನ್ನಡದಲ್ಲಿ ತಯಾರಿಸಿಕೊಳ್ಳಿ. 1935ರಲ್ಲಿ ಸ್ಟ್ರೂಪ್ ತೋರಿಸಿದ್ದು, ಪದದ ಓದು ತಾನಾಗಿ ಆಗಿಬಿಡುವುದರಿಂದ ಶಾಯಿಯ ಬಣ್ಣ ಹೇಳುವ ಕೆಲಸ ತಡವಾಗುತ್ತದೆ ಎಂಬುದನ್ನು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವ ಸಬ್ಜೆಕ್ಟಿಗೆ ಇಂಗ್ಲಿಷ್ ಪಟ್ಟಿ ಕೊಟ್ಟರೆ ಆ ಅಡ್ಡಿಯೇ ಕಡಿಮೆಯಾಗಿಬಿಡಬಹುದು. ನೀಲಿ ಶಾಯಿಯಲ್ಲಿ ‘ಹಸಿರು’ ಎಂದು ಬರೆದು ಕೊಡಿ, ತಡವರಿಕೆ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಅಧ್ಯಾಪಕರ ಅನುಮತಿ ಕೇಳಿಕೊಳ್ಳಿ; ಬೇಡವೆನ್ನುವವರು ಅಪರೂಪ.

ಮಂಗಳವಾರ: ಲ್ಯಾಬಿನಲ್ಲಿ

ಉದಾಹರಣೆಗೆ ಕನ್ನಡಿ ಚಿತ್ರಣದ ಮೂಲಕ ಕೈಯಿಂದ ಕೈಗೆ ಕಲಿಕೆ ವರ್ಗಾವಣೆಯಾಗುವುದನ್ನು ನೋಡುವ ಪ್ರಯೋಗ ತೆಗೆದುಕೊಳ್ಳೋಣ. ಕರ್ನಾಟಕದ ಬಹುತೇಕ ಪದವಿ ಕಾಲೇಜುಗಳ ಲ್ಯಾಬಿನಲ್ಲಿ ಇದು ಇದ್ದೇ ಇರುತ್ತದೆ. ಮರದ ಹಲಗೆ, ಅದರ ಮೇಲೆ ನಿಲ್ಲಿಸಿದ ಕನ್ನಡಿ, ಕೈಯನ್ನು ನೇರವಾಗಿ ನೋಡದಂತೆ ಮರೆಮಾಡುವ ತಗಡು ಅಥವಾ ರಟ್ಟು, ಜೋಡಿ ಗೆರೆಗಳ ನಕ್ಷತ್ರ ಮುದ್ರಿಸಿದ ಹಾಳೆ. ಸಬ್ಜೆಕ್ಟ್ ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಿಸಿ ಸುತ್ತು ಮುಗಿಸಬೇಕು.

ಆಕೆ ಬರುವುದಕ್ಕೆ ಹದಿನೈದು ನಿಮಿಷ ಮೊದಲೇ ಹೋಗಿ ಇವನ್ನೆಲ್ಲ ನೋಡಿಕೊಳ್ಳಿ: ಕನ್ನಡಿ ಅಲುಗಾಡುವುದಿಲ್ಲ ತಾನೇ? ಕೂತ ಎತ್ತರದಿಂದ ಹಾಳೆ ನೇರವಾಗಿ ಕಾಣುತ್ತಿಲ್ಲ ತಾನೇ? ನಕ್ಷತ್ರದ ಹಾಳೆಗಳು ಬೇಕಾದ್ದಕ್ಕಿಂತ ನಾಲ್ಕೈದು ಹೆಚ್ಚು ಜೆರಾಕ್ಸ್ ಮಾಡಿಸಿದ್ದೀರಾ? ಚೂಪು ಮಾಡಿದ ಪೆನ್ಸಿಲ್ ಮೂರು ಇವೆಯೇ? ಮೊಂಡಾದ ಪೆನ್ಸಿಲ್ ಗೆರೆಯನ್ನು ದಪ್ಪ ಮಾಡಿ ತಪ್ಪುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಮೊಬೈಲಿನಲ್ಲೇ ಸಮಯ ಅಳೆಯುವುದಾದರೆ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುವೆ ಕರೆ ಬಂದರೆ ಆ ಸುತ್ತು ಹೋದಂತೆಯೇ.

ಮೊದಲು ಎಡಗೈಯಲ್ಲಿ ಒಂದು ಸುತ್ತು. ಆಮೇಲೆ ಬಲಗೈಯಲ್ಲಿ ಅಭ್ಯಾಸದ ಸುತ್ತುಗಳು, ಕೊನೆಗೆ ಮತ್ತೆ ಎಡಗೈ. ಪ್ರತಿ ಸುತ್ತಿಗೂ ಹೊಸ ಹಾಳೆ, ಅದರ ಮೂಲೆಯಲ್ಲಿ ಸುತ್ತಿನ ಸಂಖ್ಯೆ ಮತ್ತು ಯಾವ ಕೈ ಎಂಬ ಗುರುತು. ಈ ಗುರುತು ಹಾಕದೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಸಂಜೆ ಯಾವುದು ಯಾವುದೆಂದು ತಿಳಿಯದೆ ಒದ್ದಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಸಮಯವನ್ನು ಸೆಕೆಂಡುಗಳಲ್ಲಿ ಬರೆಯಿರಿ. ಗೆರೆ ಮುಟ್ಟಿದ್ದು ಅಥವಾ ದಾಟಿದ್ದು ಒಂದು ತಪ್ಪು; ಆ ಲೆಕ್ಕವನ್ನು ಆಮೇಲೆ ಹಾಳೆ ನೋಡಿಕೊಂಡು ಮಾಡಬಹುದು, ಪ್ರಯೋಗದ ನಡುವೆ ಬೇಡ.

ಮೊದಲ ಸುತ್ತಿನ ನಕ್ಷತ್ರದ ಮೂಲೆಗಳಲ್ಲಿ ಕೈ ತಡೆದು ನಿಂತುಬಿಡುತ್ತದೆ. ಕಣ್ಣು ಒಂದು ಕಡೆ ಹೋಗು ಎನ್ನುತ್ತದೆ, ಕೈ ಇನ್ನೊಂದು ಕಡೆ ಹೋಗುತ್ತದೆ. ಸಬ್ಜೆಕ್ಟಿಗೆ ಮುಜುಗರ. ‘ಅಕ್ಕಾ, ನಾನು ಸರಿಯಾಗಿ ಮಾಡುತ್ತಿದ್ದೇನಾ?’ ಎಂದು ಕೇಳಿಯೇ ಕೇಳುತ್ತಾಳೆ. ‘ಬಹಳ ಚೆನ್ನಾಗಿ ಮಾಡುತ್ತಿದ್ದೀಯಾ’ ಎಂದು ಉಬ್ಬಿಸಬೇಡಿ, ತುಟಿ ಕಚ್ಚಿ ನಗಲೂ ಬೇಡಿ. ‘ಇದರಲ್ಲಿ ಸರಿ ತಪ್ಪು ಎಂಬುದಿಲ್ಲಮ್ಮ, ನಿನಗೆ ಆದಂತೆ ಮಾಡು’ ಎಂದು ಎಲ್ಲರಿಗೂ ಒಂದೇ ಮಾತು, ಒಂದೇ ದನಿ. ನಿಮ್ಮ ಮುಖಭಾವವೂ ಪ್ರಯೋಗದ ಒಂದು ಅಂಶವಾಗಿಬಿಡುತ್ತದೆ ಎಂಬುದು ನೆನಪಿರಲಿ.

ಎಲ್ಲ ಮುಗಿದ ಕೂಡಲೇ, ಆಕೆ ಎದ್ದು ಹೋಗುವ ಮೊದಲೇ, ಅಂತರಾವಲೋಕನದ ವರದಿ (ಪ್ರಯೋಗದ ಹೊತ್ತಿನಲ್ಲಿ ತನಗೆ ಅನಿಸಿದ್ದನ್ನು ಆಕೆಯೇ ಹೇಳುವುದು) ಬರೆಸಿಕೊಳ್ಳಿ. ‘ಚೆನ್ನಾಗಿತ್ತು, ಖುಷಿಯಾಯಿತು’ ಎಂಬ ಒಂದು ಸಾಲು ಸಾಕೆಂದು ಬಿಟ್ಟುಬಿಡುವವರೇ ಹೆಚ್ಚು. ಮೂರು ಪ್ರಶ್ನೆ ಕೇಳಿ: ಎಲ್ಲಿ ಕಷ್ಟವಾಯಿತು? ಯಾವ ಸುತ್ತಿನಿಂದ ಸುಲಭವೆನಿಸಿತು? ನಡುವೆ ಏನಾದರೂ ಉಪಾಯ ಹೊಳೆಯಿತೇ? ಮೂರನೆಯದಕ್ಕೆ ಬರುವ ಉತ್ತರ ಬಂಗಾರ. ‘ಕನ್ನಡಿಯಲ್ಲಿ ಮೇಲೆ ಹೋಗಬೇಕೆಂದರೆ ಕೈಯನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು ಅಂತ ಗೊತ್ತಾಯಿತು’ ಎಂದು ಆಕೆ ಹೇಳಿದಳೆಂದರೆ, ಎಡಗೈಗೆ ದಾಟಿದ್ದು ಬರೀ ಸ್ನಾಯುಗಳ ಅಭ್ಯಾಸವಲ್ಲ, ಒಂದು ನಿಯಮದ ತಿಳಿವಳಿಕೆಯೂ ದಾಟಿರಬಹುದು. ನಿಮ್ಮ ಚರ್ಚೆಯ ಭಾಗಕ್ಕೆ ಬೇಕಾದ ಮಾತು ಅಲ್ಲೇ ಸಿಕ್ಕಿತು.

ಅದೇ ಸಂಜೆ ಕಚ್ಚಾ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗುಂಪು ದತ್ತಾಂಶದ ಹಾಳೆಯಲ್ಲಿ ನಿಮ್ಮ ಸಾಲನ್ನು ತುಂಬಿ ಮುಂದಿನವರಿಗೆ ಕೊಡಿ. ಇಡೀ ತರಗತಿಯ ರೆಕಾರ್ಡ್ ನಿಲ್ಲುವುದು ಸಾಮಾನ್ಯವಾಗಿ ಒಬ್ಬಿಬ್ಬರು ತುಂಬದೆ ಇಟ್ಟುಕೊಂಡ ಈ ಹಾಳೆಯಿಂದಲೇ.

ಓದು: ಗುರುವಾರದ ಪರೀಕ್ಷೆಗೆ ಸೋಮವಾರದಿಂದ

ನಾವು ಪಾಠದಲ್ಲಿ ಸ್ಮೃತಿಯ ಅಧ್ಯಾಯ ಓದುತ್ತೇವೆ. ಆ ಅಧ್ಯಾಯವನ್ನು ಓದುವ ವಿಧಾನದಲ್ಲಿ ಮಾತ್ರ ಅದರಲ್ಲಿರುವ ಒಂದನ್ನೂ ಬಳಸುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನನ್ನೇ ಸಬ್ಜೆಕ್ಟ್ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತೋರಿಸಿಕೊಟ್ಟ ಸಂಗತಿ ಇದು: ಮರೆವು ಮೊದಲ ಗಂಟೆಗಳಲ್ಲೇ ವೇಗವಾಗಿ ಆಗುತ್ತದೆ, ಮತ್ತು ಒಂದೇ ಬಾರಿಗೆ ಕೂತು ಮಾಡಿದ ಅಭ್ಯಾಸಕ್ಕಿಂತ ದಿನಗಳಿಗೆ ಹಂಚಿದ ಅಭ್ಯಾಸ ಗಟ್ಟಿ. ಹಾಗಾಗಿ ಬುಧವಾರ ರಾತ್ರಿ ಆರು ಗಂಟೆ ಓದುವ ಬದಲು ಸೋಮವಾರ, ಮಂಗಳವಾರ, ಬುಧವಾರ ಎರಡೆರಡು ಗಂಟೆ ಓದಿ. ಒಟ್ಟು ಹೊತ್ತು ಅಷ್ಟೇ.

ಆ ಎರಡು ಗಂಟೆಯನ್ನು ಕಳೆಯುವ ಬಗೆ ಇನ್ನೂ ಮುಖ್ಯ. ಹಳದಿ ಪೆನ್ನಿನಲ್ಲಿ ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುವುದು ಹಿತವಾಗಿರುತ್ತದೆ, ಎಲ್ಲವೂ ಗೊತ್ತಿದೆ ಎನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು ಓದಿಸಿದರು. ವಿದ್ಯಾರ್ಥಿಗಳು ಕೆಲವನ್ನು ಎರಡು ಬಾರಿ ಓದಿದರು, ಇನ್ನು ಕೆಲವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಬಾರಿ ಓದಿದ್ದೇ ಮುಂದಿತ್ತು. ಒಂದು ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು: ಮರುಓದಿನಿಂದ ಉಳಿದದ್ದು ಶೇ. 42, ಬರೆದು ನೋಡಿದ್ದರಿಂದ ಉಳಿದದ್ದು ಶೇ. 56. ಪರೀಕ್ಷೆಯ ಬಾಗಿಲಲ್ಲಿ ನಿಂತು ಓದುವವರಿಗೆ ತಮ್ಮ ವಿಧಾನವೇ ಸರಿ ಎನಿಸುವುದು ಈ ಐದು ನಿಮಿಷದ ಗೆಲುವಿನಿಂದ.

ಮಾಡಬೇಕಾದದ್ದು ಇಷ್ಟು. ಒಂದು ವಿಷಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದು ಕಾಗುಣಿತ ನೋಡಿಕೊಳ್ಳಿ. ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿಬಿಡಬಹುದು. ಅದನ್ನೇ ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋದರೆ ಎಲ್ಲಿ ಎಡವುತ್ತೇವೆ ಎಂಬುದು ತಕ್ಷಣ ತಿಳಿಯುತ್ತದೆ. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ ಮೊದಲು ನೋಡಬೇಕಾದದ್ದು ಆ ಕೆಂಪು ಭಾಗವನ್ನು ಮಾತ್ರ.

ಬುಧವಾರ ರಾತ್ರಿ ನಿದ್ದೆಗೆಡಬೇಡಿ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಕೇವಲ ಇಬ್ಬರು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಕಲಿತ ಮೇಲೆ ಮಲಗಿದಾಗ ಎಚ್ಚರವಿದ್ದಾಗಿನದಕ್ಕಿಂತ ಹೆಚ್ಚು ನೆನಪುಳಿದಿತ್ತು. ಇಬ್ಬರೇ ಸಬ್ಜೆಕ್ಟ್ ಎಂಬುದು ಸಣ್ಣ ಆಧಾರ ನಿಜ, ಆದರೆ ಅಲ್ಲಿಂದ ಮುಂದೆ ನಡೆದ ಅನೇಕ ಪ್ರಯೋಗಗಳು ಅದೇ ದಿಕ್ಕನ್ನು ತೋರಿಸಿವೆ.

ಬುಧವಾರದ ಸೆಮಿನಾರ್

ಹತ್ತು ನಿಮಿಷದ ಸೆಮಿನಾರಿಗೆ ‘ವ್ಯಕ್ತಿತ್ವ ಸಿದ್ಧಾಂತಗಳು’ ಎಂಬ ವಿಷಯ ತೆಗೆದುಕೊಂಡರೆ ಓದುವ ಹೊರೆಯೂ ಹೆಚ್ಚು, ಕೇಳುವವರಿಗೆ ಉಳಿಯುವುದೂ ಕಡಿಮೆ. ಒಂದು ಪ್ರಯೋಗ, ಒಬ್ಬ ವ್ಯಕ್ತಿ, ಒಂದು ಪ್ರಶ್ನೆ ಹಿಡಿಯಿರಿ. ಅಂಥ ವಿಷಯಗಳು ನಮ್ಮ ಕಾಲ ಬುಡದಲ್ಲೇ ಇವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಭಾರತದಲ್ಲಿ ಅದಕ್ಕಿಂತ ಹಳೆಯದು ಕೋಲ್ಕತ್ತ ವಿಶ್ವವಿದ್ಯಾನಿಲಯದ್ದು ಮಾತ್ರ. ಮೈಸೂರಿನಲ್ಲಿ ವಿಭಾಗವನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ. ಮನೋವಿಜ್ಞಾನದ ಪ್ರಾಧ್ಯಾಪಕರೊಬ್ಬರಿಗೆ ರೇಡಿಯೊ ಏಕೆ ಬೇಕಿತ್ತು ಎಂಬ ಒಂದೇ ಪ್ರಶ್ನೆಯ ಸುತ್ತ ಹತ್ತು ನಿಮಿಷ ಚೆನ್ನಾಗಿ ಮಾತನಾಡಬಹುದು.

ಸ್ಲೈಡಿನ ಮೇಲೆ ಪ್ಯಾರಾ ಅಂಟಿಸಿ ಓದಬೇಡಿ. ಒಂದು ಸ್ಲೈಡಿಗೆ ಒಂದು ಚಿತ್ರ ಅಥವಾ ಒಂದು ಕೋಷ್ಟಕ ಸಾಕು. ಜೊತೆಗಾರರಿದ್ದರೆ ಮಂಗಳವಾರ ರಾತ್ರಿ ಒಮ್ಮೆ ಗಡಿಯಾರ ಇಟ್ಟು ಜೋರಾಗಿ ಮಾತನಾಡಿ ನೋಡಿ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ಇದನ್ನು ನೋಡಿ ಬಂದು ಹೇಳುತ್ತೇನೆ ಮೇಡಂ’ ಎಂದು ಹೇಳಿ, ಮರುದಿನ ನಿಜವಾಗಿಯೂ ಹೋಗಿ ಹೇಳಿ.

ನೃತ್ಯಾಭ್ಯಾಸ, ಎನ್.ಎಸ್.ಎಸ್. ಇತ್ಯಾದಿಗಳನ್ನು ಈ ವಾರ ಪೂರ್ತಿ ಬಿಡಬೇಕಿಲ್ಲ. ಎರಡು ಸಂಜೆ ಬರುತ್ತೇನೆ ಎಂದು ಮೊದಲೇ ಹೇಳಿ, ಆ ಎರಡು ಸಂಜೆ ತಪ್ಪದೆ ಹೋಗಿ. ಅಭ್ಯಾಸದ ನೆಪದಲ್ಲಿ ಪಿರಿಯಡ್ ತಪ್ಪಿಸುವಾಗ ಮಾತ್ರ ಶೇ. 75ರ ಹಾಜರಾತಿಯ ಲೆಕ್ಕ ತಲೆಯಲ್ಲಿರಲಿ.

ಬಾಗಿಲು ತಟ್ಟುವ ಗೆಳತಿ

ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಕೆಲಸವೊಂದು ಮನೋವಿಜ್ಞಾನದ ವಿದ್ಯಾರ್ಥಿಗೆ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪಕ್ಕದ ಕೋಣೆಯವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ‘ನೀನು ಸೈಕಾಲಜಿ ಓದುತ್ತೀಯಲ್ಲ, ನನಗೆ ಏನಾಗಿದೆ ಹೇಳು’ ಎನ್ನುತ್ತಾಳೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ತಲೆಯ ಮೇಲೆ ಹೊತ್ತುಕೊಳ್ಳಲೂ ಬೇಡಿ.

ಹತ್ತು ಹದಿನೈದು ನಿಮಿಷ ಪುಸ್ತಕ ಮುಚ್ಚಿಟ್ಟು ಕೇಳಿ. ನಡುವೆ ಬಾಯಿ ಹಾಕಬೇಡಿ. ‘ನಿನಗೆ ಖಿನ್ನತೆ ಇದೆ’, ‘ಇದು ಬೈಪೋಲಾರ್ ಇರಬೇಕು’ ಎಂಬ ಮಾತು ಬಾಯಿಂದ ಬರಲೇಬಾರದು. ಪದವಿ ತರಗತಿಯಲ್ಲಿ ಒಂದು ಅಧ್ಯಾಯ ಓದಿದ್ದು ರೋಗ ನಿರ್ಣಯದ ಹಕ್ಕನ್ನು ಕೊಡುವುದಿಲ್ಲ, ಮತ್ತು ಹಾಗೆ ಅಂಟಿಸಿದ ಹೆಸರು ಆಕೆಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿದುಬಿಡಬಹುದು. ಲ್ಯಾಬಿನಲ್ಲಿರುವ ಆತಂಕದ ಪ್ರಶ್ನಾವಳಿಯನ್ನು ತಂದು ತುಂಬಿಸುವುದಂತೂ ತಪ್ಪೇ ತಪ್ಪು. ‘ಇದು ನಿನಗೆ ಬಹಳ ದಿನದಿಂದ ಕಾಡುತ್ತಿದೆ, ಇದನ್ನು ತಿಳಿದವರ ಹತ್ತಿರ ಹೇಳೋಣ, ನಾನೂ ಜೊತೆಗೆ ಬರುತ್ತೇನೆ’ ಎನ್ನಿ. ಕಾಲೇಜಿನ ಆಪ್ತ ಸಮಾಲೋಚಕರು, ನಂಬಿಕೆಯ ಅಧ್ಯಾಪಕರು ಮೊದಲ ದಾರಿ. ರಾತ್ರಿ ಹೊತ್ತಾದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಮೊಬೈಲಿನಲ್ಲಿ ಈಗಲೇ ಉಳಿಸಿಟ್ಟುಕೊಳ್ಳಿ.

ಸಾಯುವ ಮಾತೇನಾದರೂ ಬಂದರೆ ನಿಯಮ ಬದಲಾಗುತ್ತದೆ. ಆಕೆಯನ್ನು ಒಂಟಿಯಾಗಿ ಬಿಡಬೇಡಿ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡರೂ ಅದೇ ಕ್ಷಣ ವಾರ್ಡನ್ನಿಗೆ ತಿಳಿಸಿ. ಅಂಥ ಗುಟ್ಟನ್ನು ಕಾಯುವುದು ಸ್ನೇಹವಲ್ಲ. ಮರುದಿನದ ಪರೀಕ್ಷೆ ಕೆಟ್ಟರೆ ಕೆಡಲಿ, ಅಧ್ಯಾಪಕರಿಗೆ ವಿಷಯ ತಿಳಿಸಿದರೆ ಅದಕ್ಕೊಂದು ದಾರಿ ಸಿಗುತ್ತದೆ.

ಶುಕ್ರವಾರದ ಕ್ಷೇತ್ರ ಭೇಟಿ

ಮೈಸೂರು, ಮಂಡ್ಯ, ತುಮಕೂರಿನ ಕಡೆಯ ಕಾಲೇಜುಗಳು ಹೆಚ್ಚಾಗಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗುತ್ತವೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿರುವ ಮೆದುಳಿನ ಸಂಗ್ರಹಾಲಯ ನೋಡಲೇಬೇಕಾದದ್ದು: ಪಠ್ಯಪುಸ್ತಕದಲ್ಲಿ ಬಣ್ಣ ಬಣ್ಣದ ಭಾಗಗಳಾಗಿ ಕಂಡ ಮೆದುಳು ಬೂದು ಬಣ್ಣದ ಒಂದು ಮುದ್ದೆಯಾಗಿ ಕಣ್ಣೆದುರು ಇರುವಾಗ ಚಿತ್ರದಲ್ಲಿ ಕಲಿತದ್ದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಮೈಸೂರಿನವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ.

ಹೋಗುವ ಮೊದಲು ಐದು ಪ್ರಶ್ನೆ ಬರೆದುಕೊಳ್ಳಿ. ಒಬ್ಬ ರೋಗಿ ಬಾಗಿಲೊಳಗೆ ಬಂದಾಗಿನಿಂದ ಯಾರು ಯಾರನ್ನು ಕಾಣುತ್ತಾರೆ? ಮನೋವೈದ್ಯರ ಕೆಲಸ ಎಲ್ಲಿ ಮುಗಿಯುತ್ತದೆ, ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ ಎಲ್ಲಿ ಶುರುವಾಗುತ್ತದೆ? ಹಳ್ಳಿಯಿಂದ ಬಂದ ಕುಟುಂಬಕ್ಕೆ ವಿಷಯವನ್ನು ಹೇಗೆ ತಿಳಿಹೇಳುತ್ತಾರೆ? ಇಂಥವು. ವರದಿಯಲ್ಲಿ ಕಟ್ಟಡ ಎಷ್ಟು ಎಕರೆ ಎಂದು ಬರೆಯುವುದಕ್ಕಿಂತ ಇವುಗಳಲ್ಲಿ ಒಂದಕ್ಕೆ ಸಿಕ್ಕ ಉತ್ತರ ಬೆಲೆಯುಳ್ಳದ್ದು.

ಮೊಬೈಲ್ ಚೀಲದೊಳಗೇ ಇರಲಿ. ಅಲ್ಲಿ ಕುಳಿತಿರುವವರು ಚಿಕಿತ್ಸೆಗೆ ಬಂದವರು, ನಮ್ಮ ಅಧ್ಯಯನದ ವಸ್ತುಗಳಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಅವರ ಗೋಪ್ಯತೆಯನ್ನು ಹಕ್ಕಾಗಿ ಗುರುತಿಸಿದೆ, ಫೋಟೊ ಕೂಡ ಅದರಲ್ಲಿ ಸೇರಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಯಾರಾದರೂ ಕಂಡ ರೋಗಿಯ ಹಾವಭಾವವನ್ನು ಅನುಕರಿಸಿ ನಗಿಸಲು ಹೊರಟರೆ ನೀವು ನಗಬೇಡಿ, ನಿಲ್ಲಿಸು ಎಂದು ಹೇಳಿ. ಮುಂದೆ ಈ ವಿಷಯವನ್ನೇ ವೃತ್ತಿ ಮಾಡಿಕೊಳ್ಳುವವರು ಮೊದಲು ಕಲಿಯಬೇಕಾದದ್ದು ಇದು.

ವರದಿಯ ಮುಖ್ಯಾಂಶಗಳನ್ನು ಬಸ್ಸಿನಲ್ಲೇ ಗೀಚಿಕೊಳ್ಳಿ. ಶನಿವಾರ ಅದಕ್ಕೆ ಸಮಯ ಇರುವುದಿಲ್ಲ.

ಶನಿವಾರ: ರೆಕಾರ್ಡ್

ಮಂಗಳವಾರವೇ ಕೋಷ್ಟಕ ಆಗಿದ್ದರೆ ಉಳಿಯುವುದು ಗ್ರಾಫ್ ಮತ್ತು ಚರ್ಚೆ. ಉದ್ದೇಶ, ಸಾಮಗ್ರಿ, ವಿಧಾನ ಎಲ್ಲರದೂ ಒಂದೇ ಥರ ಇರುತ್ತದೆ. ಓದುವವರು ನಿಮ್ಮನ್ನು ಕಾಣುವುದು ಚರ್ಚೆಯಲ್ಲಿ.

ಸಬ್ಜೆಕ್ಟಿನ ಎಡಗೈ ಮೊದಲ ಸುತ್ತಿಗೆ 180 ಸೆಕೆಂಡು, ಕೊನೆಯ ಸುತ್ತಿಗೆ 95 ಸೆಕೆಂಡು ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. ಉಳಿತಾಯವಾದದ್ದು 85 ಸೆಕೆಂಡು, ಅಂದರೆ ಶೇ. 47ರಷ್ಟು. ‘ಆದ್ದರಿಂದ ವರ್ಗಾವಣೆ ಆಗಿದೆ’ ಎಂದು ಬರೆದು ಮುಗಿಸುವವರೇ ಬಹಳ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಎಡಗೈಗೆ ಮೊದಲ ಸುತ್ತೇ ಒಂದು ಅಭ್ಯಾಸವಾಗಿತ್ತಲ್ಲವೇ? ಆ 85 ಸೆಕೆಂಡಿನಲ್ಲಿ ಬಲಗೈ ಕಲಿಕೆಯ ಪಾಲೆಷ್ಟು, ಆ ಮೊದಲ ಸುತ್ತಿನ ಪಾಲೆಷ್ಟು? ಬಲಗೈ ಅಭ್ಯಾಸ ಮಾಡದೆ ಅಷ್ಟೇ ಹೊತ್ತು ವಿರಾಮ ತೆಗೆದುಕೊಂಡ ಇನ್ನೊಬ್ಬ ಸಬ್ಜೆಕ್ಟ್ ಇದ್ದಿದ್ದರೆ ಹೋಲಿಸಿ ಹೇಳಬಹುದಿತ್ತು. ನಿಯಂತ್ರಿತ ಗುಂಪು ಏಕೆ ಬೇಕು ಎಂಬುದನ್ನು ಇಷ್ಟು ಬರೆದವರಿಗೆ ವೈವಾದಲ್ಲಿ ಹೆದರುವ ಕಾರಣವಿಲ್ಲ.

ಫಲಿತಾಂಶ ಊಹೆಗೆ ವಿರುದ್ಧವಾಗಿ ಬಂದಿದ್ದರೆ ಹಾಗೆಯೇ ಬರೆಯಿರಿ. ಹಿರಿಯರ ರೆಕಾರ್ಡ್ ನೋಡಿಕೊಂಡು ಅಂಕಿ ಹೊಂದಿಸುವುದು, ನಡೆಯದ ಪ್ರಯೋಗಕ್ಕೆ ಸಂಖ್ಯೆ ಹುಟ್ಟಿಸುವುದು ಕ್ಯಾಂಪಸ್ಸಿನಲ್ಲಿ ಸಲೀಸಾಗಿಬಿಟ್ಟಿದೆ, ಮತ್ತು ಇದನ್ನು ನಾನು ಯಾವ ಕಾರಣಕ್ಕೂ ಸಣ್ಣ ತಪ್ಪು ಎಂದು ಒಪ್ಪುವುದಿಲ್ಲ. ಎಡಗೈ ನಿಧಾನವಾಯಿತೇ? ದಣಿವಿರಬಹುದು, ಬೇಸರವಿರಬಹುದು, ಹೊರಗಿನ ಗದ್ದಲವಿರಬಹುದು. ಅಂತರಾವಲೋಕನದ ವರದಿಯಲ್ಲಿ ಸುಳಿವು ಹುಡುಕಿ. ಕಾರಣ ಹುಡುಕುವ ಆ ಒಂದು ಪ್ಯಾರಾದಿಂದ ಕಲಿಯುವುದು, ಚಂದದ ಸುಳ್ಳು ಗ್ರಾಫಿನಿಂದ ಸಿಗುವುದಿಲ್ಲ.

ಸಬ್ಜೆಕ್ಟಿನ ಹೆಸರಿನ ಜಾಗದಲ್ಲಿ ಮೊದಲಕ್ಷರಗಳನ್ನು ಮಾತ್ರ ಹಾಕಿ; ವಯಸ್ಸು, ಲಿಂಗ, ಓದು ಸಾಕು. ಅಂಕಗಳಿರುವ ಹಾಳೆಯ ಫೋಟೊವನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗಲೂ ಹೆಸರು ಇಲ್ಲವೆಂದು ನೋಡಿಕೊಳ್ಳಿ. ಉಪಕರಣವನ್ನು ಒರೆಸಿ, ಪೆನ್ಸಿಲ್ ಚೂರುಗಳನ್ನು ತೆಗೆದು, ಅಟೆಂಡರ್ ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಿ.

ರೆಕಾರ್ಡ್ ಒಪ್ಪಿಸಿದ ಮೇಲೆ ಸಬ್ಜೆಕ್ಟಾಗಿದ್ದವಳನ್ನು ಮೆಸ್ಸಿನಲ್ಲೋ ಕಾರಿಡಾರಿನಲ್ಲೋ ಹುಡುಕಿ ಹೋಗಿ. ಪ್ರಯೋಗ ಯಾವುದರ ಬಗ್ಗೆ ಇತ್ತು, ಮೂಲೆಗಳಲ್ಲಿ ಕೈ ಏಕೆ ತಡೆಯಿತು, ಅದು ಎಲ್ಲರಿಗೂ ಆಗುವಂಥದ್ದೇ ಎಂದು ಎರಡು ನಿಮಿಷ ಬಿಡಿಸಿ ಹೇಳಿ. ತಾನು ದಡ್ಡಿ ಎಂದು ತೋರಿಸಿಕೊಂಡೆನೇನೋ ಎಂಬ ಅಳುಕಿನಲ್ಲೇ ಎಷ್ಟೋ ಸಬ್ಜೆಕ್ಟುಗಳು ಲ್ಯಾಬಿನಿಂದ ಎದ್ದು ಹೋಗಿರುತ್ತಾರೆ. ಆಕೆಯ ಗ್ರಾಫನ್ನೂ ತೋರಿಸಿ, ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿ. ಮುಂದಿನ ತಿಂಗಳು ಮ್ಯುಲ್ಲರ್-ಲೈಯರ್ ಪ್ರಯೋಗಕ್ಕೂ ಬರುತ್ತಾಳಾ ಎಂದು ಕೇಳಬೇಕಿದ್ದರೆ ಆಗಲೇ ಕೇಳಿ.